ಕೂಸನ್ನು ಒಪ್ಪಿಸಬಂದವಳ ಮೇಲೆ ಫಿರ್ಯಾದಿ ಏಕೆ?

ದೂಧಗಂಗೆಯ ದಂಡೆಯ ನಮ್ಮ ಬೋರಗಾಂವದಲ್ಲಿ ಒಬ್ಬ ಹೆಣ್ಣುಮಗಳು ನಡುರಾತ್ರಿ ಯಾರಿಗೂ ತಿಳಿಯದಂತೆ ಹಡೆದಳೆಂದು ಇಟ್ಟುಕೊಳ್ಳೋಣ. ಕೂಸನ್ನು ಸಾಕುವ ಶಕ್ತಿ ಅವಳಿಗಿಲ್ಲ. ಇಟ್ಟುಕೊಂಡರೆ ಮನೆಯಲ್ಲಿ ಜಾಗವಿಲ್ಲ. ಕೊಲ್ಲಲು ಕೈ ಬರುವುದಿಲ್ಲ. ಅವಳು ಅದನ್ನು ಎಲ್ಲಿಗೆ ಒಯ್ಯಬೇಕು? ಯಾರ ಕೈಯಲ್ಲಿ ಕೊಡಬೇಕು? ಈ ಪ್ರಶ್ನೆಯನ್ನು ಮಗ್ಗದ ಶೆಡ್ಡಿನಲ್ಲಿ, ಚಹದಂಗಡಿಯಲ್ಲಿ, ಸಂತೆಯ ಕಟ್ಟೆಯ ಮೇಲೆ ಒಮ್ಮೆ ಕೇಳಿ ನೋಡಿರಿ. "ಪೋಲೀಸರು ಹಿಡಿದೊಯ್ಯುತ್ತಾರೆ" ಎಂಬುದೊಂದೇ ಉತ್ತರ ಬಂದೀತು. ಆ ಹೆಣ್ಣುಮಗಳಿಗೂ ಗೊತ್ತಿರುವುದು ಅದೊಂದೇ ಉತ್ತರ. ಹಾಗಿರುವುದರಿಂದಲೇ ಕೂಸು ಕಬ್ಬಿನ ಪಡದಲ್ಲಿ, ಮುಳ್ಳುಕಂಟಿಯಲ್ಲಿ, ಗಟಾರದ ದಂಡೆಯಲ್ಲಿ ಸಿಗುತ್ತದೆ. ಎಷ್ಟೋ ಸಲ ನಾಯಿಗೆ ಮೊದಲು ಸಿಗುತ್ತದೆ, ಮನುಷ್ಯನಿಗೆ ಆಮೇಲೆ.

ಕಾಯಿದೆ ಹಾಗೆ ಹೇಳುವುದಿಲ್ಲ ಎಂಬುದನ್ನು ನಾವು ಮೊದಲಿಗೇ ಸ್ಪಷ್ಟವಾಗಿ ತಿಳಿಸಬಯಸುತ್ತೇವೆ. 2015ರ ಬಾಲನ್ಯಾಯ ಕಾಯಿದೆಯ 35ನೆಯ ಕಲಮು ಇಂಥ ತಾಯಿಗಾಗಿಯೇ ಇದೆ. ದೇಹದ, ಮನಸ್ಸಿನ ಅಥವಾ ಸಮಾಜದ ಕಾರಣಗಳಿಂದ, ತನ್ನ ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಸಾಕಲಾಗದ ತಾಯಿತಂದೆಯರು ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ಮೊದಲ ದರ್ಜೆಯ ಮ್ಯಾಜಿಸ್ಟ್ರೇಟರ ಅಧಿಕಾರ ಅದಕ್ಕುಂಟು. ಸಮಿತಿಯವರು ವಿಚಾರಿಸಿ, ತಿಳಿಹೇಳಿ, ನಿರ್ಧಾರ ಗಟ್ಟಿಯೆಂದು ಕಂಡರೆ ಒಪ್ಪಿಸಿದ ಪತ್ರ ಬರೆಯಿಸಿಕೊಳ್ಳುತ್ತಾರೆ. ಮದುವೆಯಾದ ಗಂಡಹೆಂಡಿರಾದರೆ ಇಬ್ಬರ ಸಹಿ ಬೇಕು. ಮದುವೆಯಾಗದ ತಾಯಿಯಾದರೆ ಅವಳೊಬ್ಬಳದೇ ಸಾಕು. ಆಮೇಲೆಯೂ ಎರಡು ತಿಂಗಳ ಅವಧಿ ಇದೆ. ಆ ಅವಧಿಯಲ್ಲಿ ಮನಸ್ಸು ತಿರುಗಿದರೆ ಕೂಸು ಮರಳಿ ತಾಯಿಯ ಮಡಿಲಿಗೆ ಬರಬಹುದು. ತಿರುಗದಿದ್ದರೆ ಕಾನೂನುಬದ್ಧವಾಗಿ ದತ್ತಕಕ್ಕೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ಮಾತಿದೆ. ಅದನ್ನು ಜನರಿಗೆ ಯಾರೂ ಹೇಳುವುದಿಲ್ಲ. ಬಿಟ್ಟುಹೋದ ಕೂಸು ಸಿಕ್ಕರೆ, ವಾರಸುದಾರರು ಯಾರಾದರೂ ಇದ್ದಾರೋ ಎಂದು ಅದರ ಭಾವಚಿತ್ರವನ್ನು ವರ್ತಮಾನಪತ್ರದಲ್ಲಿ ಹಾಕಿಸುತ್ತಾರೆ. ಸಮಿತಿಯ ಮುಂದೆ ಒಪ್ಪಿಸಿದ ಕೂಸಿನ ಬಗ್ಗೆ ಅಂಥ ಜಾಹೀರಾತು ಕೊಡಲೇಕೂಡದೆಂದು ದತ್ತಕದ ನಿಯಮಗಳಲ್ಲಿದೆ. ಮಾನಕ್ಕೆ ಅಂಜಿ ಕತ್ತಲೆಯಲ್ಲಿ ಕೂಸನ್ನು ಬಿಟ್ಟು ಓಡಿದವಳ ಸಂಗತಿ ಹೀಗೆ ಪತ್ರಿಕೆಗೆ ಬರುತ್ತದೆ. ಹಗಲಿನಲ್ಲಿ ಬಂದು ಒಪ್ಪಿಸಿದವಳ ಗುಟ್ಟು ಉಳಿಯುತ್ತದೆ. ಇಷ್ಟು ಮಾತನ್ನು ಒಂದು ಹಲಗೆಯ ಮೇಲೆ ಬರೆದು ದವಾಖಾನೆಯ ಬಾಗಿಲಿಗೆ ತೂಗುಹಾಕಲು ಸರಕಾರಕ್ಕೆ ಎಷ್ಟು ಖರ್ಚು ಬಿದ್ದೀತು?

ಇನ್ನು ಪೋಲೀಸರ ಮಾತು. ಹನ್ನೆರಡು ವರ್ಷದೊಳಗಿನ ಮಗುವನ್ನು ಬಿಟ್ಟುಹೋದ ಹೆತ್ತವರಿಗೆ ಏಳು ವರ್ಷದವರೆಗೆ ಸಜೆಯೆಂದು ಹಳೆಯ ಭಾರತೀಯ ದಂಡಸಂಹಿತೆಯ 317ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯಸಂಹಿತೆಯ 93ನೆಯ ಕಲಮು ಬಂದಿದೆ; ಅಂಗಿ ಬದಲಾಗಿದೆ, ಮೈ ಅದೇ. ಠಾಣೆಯವರಿಗೆ ಈ ಕಲಮು ಬಾಯಿಪಾಠ. ಆದರೆ ಬಾಲನ್ಯಾಯ ಕಾಯಿದೆಯ 38ನೆಯ ಕಲಮಿನಲ್ಲಿ, ಬಿಟ್ಟ ಅಥವಾ ಒಪ್ಪಿಸಿದ ಮಗುವಿನ ವಿಚಾರಣೆಯಲ್ಲಿ ಹೆತ್ತವರ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಿಸಕೂಡದೆಂದು ಸ್ಪಷ್ಟವಾಗಿ ಬರೆದಿದೆ. ಕೈಮೀರಿದ ಪರಿಸ್ಥಿತಿಯಲ್ಲಿ ಬಿಟ್ಟುದಾದರೆ ಅದನ್ನು ಬೇಕೆಂದು ಬಿಟ್ಟದ್ದೆಂದು ಎಣಿಸಬಾರದೆಂದು 75ನೆಯ ಕಲಮಿನಲ್ಲಿದೆ. ಈ ಎರಡು ಸಾಲುಗಳು ನಮ್ಮ ಫೌಜದಾರರ ಟೇಬಲ್ಲಿನ ಗಾಜಿನ ಕೆಳಗೆ ಏಕಿಲ್ಲ? ಕೊಲ್ಲಬೇಕೆಂದೇ ಹಳ್ಳಕ್ಕೆ ಎಸೆದವರ ಮಾತು ಬೇರೆ. ಅವರ ಪರವಾಗಿ ನಾವು ವಕಾಲತ್ತು ವಹಿಸುತ್ತಿಲ್ಲ. ಆದರೆ ದವಾಖಾನೆಯ ಮೆಟ್ಟಿಲಿನ ಮೇಲೆ, ಬಟ್ಟೆಯಲ್ಲಿ ಸುತ್ತಿ, ಜನ ಓಡಾಡುವ ಕಡೆ ನೋಡಿ ಮಲಗಿಸಿ ಹೋದವಳನ್ನೂ ಕೊಲೆಗಡುಕಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಯಾವ ನ್ಯಾಯ?

ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಹಡೆದ ಹುಡುಗಿಗೆ 18 ತುಂಬಿರದಿದ್ದರೆ 2012ರ ಪೋಕ್ಸೊ ಕಾಯಿದೆ ಅಡ್ಡಬರುತ್ತದೆ. ವೈದ್ಯರಾಗಲಿ ದಾದಿಯಾಗಲಿ ಪೋಲೀಸರಿಗೆ ತಿಳಿಸದೆ ಸುಮ್ಮನಿರುವಂತಿಲ್ಲ. ಆಗ ಮೊಕದ್ದಮೆ ನಡೆಯುವುದು ಅವಳನ್ನು ಆ ಸ್ಥಿತಿಗೆ ತಂದವನ ಮೇಲೆ, ಅವಳ ಮೇಲಲ್ಲ. ಗಂಡಸಿನ ಹೆಸರು ಹೊರಬರುವುದೆಂಬ ಅಂಜಿಕೆಯಿಂದಲೇ ಮನೆಯ ಹಿರಿಯರು ಕೂಸನ್ನು ಇಲ್ಲವಾಗಿಸಲು ಮುಂದಾಗುವುದುಂಟು. ಮಾನ ಯಾರದು, ಹೋಗುವ ಜೀವ ಯಾರದು ಎಂದು ನಮ್ಮ ಓದುಗರೇ ವಿಚಾರಿಸಲಿ.

ಈಗ ಮುಖ್ಯವಾದ ಮಾತಿಗೆ ಬರೋಣ. ಇಂಥ ಕೂಸು ಮೊದಲು ಬೀಳುವುದು ದೊಡ್ಡ ಡಾಕ್ಟರರ ಕೈಗಲ್ಲ. ಬೆಳಗಿನ ಪಾಳಿಗೆ ಹೊರಟ ಕಾಮಗಾರನ ಕೈಗೆ, ಕಸ ಗುಡಿಸುವ ಪೌರಕಾರ್ಮಿಕಳ ಕೈಗೆ, ಹಾಲಿನ ಕ್ಯಾನು ಹೊತ್ತು ಬರುವವನ ಕೈಗೆ, ಅಂಗಡಿಯ ಬಾಗಿಲು ತೆರೆಯುವ ವ್ಯಾಪಾರಸ್ಥನ ಕೈಗೆ. ಆಮೇಲೆ 112ರ ಪೋಲೀಸ ಜೀಪಿನವರ, 108ರ ಗಾಡಿಯವರ ಕೈಗೆ. ಆ ಮೊದಲ ಅರ್ಧ ತಾಸಿನಲ್ಲಿ ಮಾಡುವುದೆಲ್ಲ ಕೂಸಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಆದಕಾರಣ ಆಗ ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರಬೇಕು.

ಹುಟ್ಟಿದ ಕೂಸಿನ ಮೊದಲ ವೈರಿ ಥಂಡಿ. ಅದರ ಮೈ ತೊಯ್ದಿರುತ್ತದೆ. ಸಣ್ಣ ದೇಹ ಕಾವನ್ನು ಬೇಗ ಕಳೆದುಕೊಳ್ಳುತ್ತದೆ. ಮೈಯ ಕಾವು 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕಿಂತ ಇಳಿದರೆ ಉಸಿರಿಗೂ ಕುತ್ತು. ಆದ್ದರಿಂದ ಮೊದಲು ಒಣಬಟ್ಟೆಯಿಂದ ಮೈ, ತಲೆ ಒರೆಸಬೇಕು. ತೊಯ್ದ ಬಟ್ಟೆ ತೆಗೆದುಹಾಕಬೇಕು. ತಲೆಗೆ ಕುಂಚಿಗೆಯನ್ನೋ ಟೋಪಿಯನ್ನೋ ಕಟ್ಟಿ, ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಳ್ಳಬೇಕು. ಮನುಷ್ಯನ ಎದೆಯ ಕಾವಿನಂಥ ಸಾಧನ ಇನ್ನೊಂದಿಲ್ಲ. ಗಂಡಸಿನ ಎದೆಯಾದರೂ ಆದೀತು, ನಾಚಿಕೆ ಬೇಡ. ನಮ್ಮ ಜನರಿಗೆ ಕೂಸು ಕಂಡೊಡನೆ ಅದನ್ನು ಎರೆಯಬೇಕೆನ್ನಿಸುತ್ತದೆ; ಮೈಗೆ ರಕ್ತ, ಮಣ್ಣು ಹತ್ತಿದ್ದನ್ನು ನೋಡಿ ಸಂಕಟಪಡುತ್ತಾರೆ. ಎರೆಯಕೂಡದು. ಮೊದಲ 24 ತಾಸು ಸ್ನಾನ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಜೇನು, ಬೆಲ್ಲದ ನೀರು, ಗುಟ್ಟಿ, ಆಕಳ ಹಾಲು ಯಾವುದನ್ನೂ ಬಾಯಿಗೆ ಬಿಡಬಾರದು. ಹಾಲಿನ ವ್ಯವಸ್ಥೆ ದವಾಖಾನೆಯಲ್ಲಿ ಆಗುತ್ತದೆ. ಹೊಕ್ಕಳ ಬಳ್ಳಿಯನ್ನು ಕೈಗೆ ಸಿಕ್ಕ ಬ್ಲೇಡಿನಿಂದ ಕೊಯ್ಯಬಾರದು. ರಕ್ತ ಒಸರುತ್ತಿದ್ದರೆ ಸ್ವಚ್ಛವಾದ ದಾರದಿಂದ ಬಿಗಿದು ಕಟ್ಟಿದರೆ ಸಾಕು. ಮಾಸು ಕೂಡಿಯೇ ಇದ್ದರೆ ಹಾಗೆಯೇ ಸುತ್ತಿಕೊಂಡು ಹೋಗಬೇಕು. ಅರಿಷಿಣ, ಬೂದಿ, ಸೆಗಣಿ ಹಚ್ಚಿ ಧನುರ್ವಾಯು ತಂದುಕೊಂಡ ಕಾಲ ಸಾಕು. ಇರುವೆ ಹತ್ತಿದ್ದರೆ ಬಟ್ಟೆಯಿಂದ ಮೆಲ್ಲಗೆ ಬಿಡಿಸಬೇಕು. ಕೂಸು ಅಳದೆ, ಉಸಿರಾಡದೆ ಇದ್ದರೆ ಬೆನ್ನನ್ನು ಮೆಲ್ಲಗೆ ತಿಕ್ಕುತ್ತಲೇ 108ಕ್ಕೆ ಕರೆ ಮಾಡಬೇಕು. ಮುಂದೆ ಏನು ಮಾಡಬೇಕೆಂದು ಅಲ್ಲಿಂದಲೇ ಹೇಳುತ್ತಾರೆ.

108ರ ಗಾಡಿ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ. ಗಾಡಿಯಲ್ಲಿ ಒಬ್ಬ ಚಾಲಕ, ಒಬ್ಬ ಶುಶ್ರೂಷಕ ಇರುತ್ತಾರೆ. ದಾರಿಯಲ್ಲೇ ಹೆರಿಗೆ ಮಾಡಿಸಿದ ಅನುಭವ ಅವರಲ್ಲಿ ಅನೇಕರಿಗುಂಟು. ಕೂಸಿನ ಉಸಿರು, ಬಣ್ಣ, ಕಾವು ನೋಡುವುದು ಅವರಿಗೆ ಹೊಸದಲ್ಲ. ಅವರಿಗೆ ತಿಳಿಯದಿರುವುದು ಕಾಯಿದೆ. ತಾಯಿ ಅಲ್ಲಿಯೇ ನಿಂತಿದ್ದರೆ ಏನು ಕೇಳಬೇಕು, ಏನು ಕೇಳಬಾರದು? ಹೆಸರು, ಜಾತಿ, ಗಂಡ ಯಾರೆಂಬ ಜಬಾನಿ ತೆಗೆಯುವುದು ಗಾಡಿಯವರ ಕೆಲಸವಲ್ಲ. ಕೇಳಬೇಕಾದದ್ದು ಬೇರೆ: ಹುಟ್ಟಿ ಎಷ್ಟು ಹೊತ್ತಾಯಿತು? ತಿಂಗಳು ತುಂಬಿತ್ತೇ? ಹಡೆಯುವಾಗ ಜ್ವರವಿತ್ತೇ? ಯಾವುದಾದರೂ ರೋಗವುಂಟೇ? ಎಲ್ಲಕ್ಕಿಂತ ಮೊದಲು, ನಿನಗೆ ರಕ್ತ ಹೋಗುತ್ತಿದೆಯೇ ತಾಯಿ ಎಂದು ಕೇಳಬೇಕು. ಕೂಸಿನ ಗದ್ದಲದಲ್ಲಿ ಬಾಣಂತಿಯನ್ನು ಎಲ್ಲರೂ ಮರೆಯುತ್ತಾರೆ. ಕದ್ದು ಹಡೆದವಳು ರಕ್ತಸ್ರಾವದಿಂದ ಸಾಯುವುದು ಸುಲಭ. ಅವಳೂ ರೋಗಿಯೇ, ಅವಳಿಗೂ ಗಾಡಿಯಲ್ಲಿ ಜಾಗ ಬೇಕು.

ದವಾಖಾನೆಗೆ ಮುಟ್ಟಿದ ಮೇಲೆ ಕೂಸಿಗೆ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಉಪಚಾರ, ವಿಟಮಿನ್ ಕೆ ಸೂಜಿ, ಬಿಸಿಜಿ, ಪೋಲಿಯೊ, ಕಾಮಾಲೆ ಲಸಿಕೆ. ಅಲ್ಲಿಂದ ಕಾಯಿದೆಯ ಗಡಿಯಾರ ಓಡತೊಡಗುತ್ತದೆ. ಕೂಸು ಸಿಕ್ಕವರು ಯಾರೇ ಇರಲಿ, 24 ತಾಸಿನೊಳಗೆ 1098ಕ್ಕೋ, ಠಾಣೆಗೋ, ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಕೂಸು ಪ್ರಯಾಣಕ್ಕೆ ತಾಳದಷ್ಟು ಬಡಕಲಾಗಿದ್ದರೆ ಅದನ್ನು ಹೊತ್ತುಕೊಂಡು ಬೆಳಗಾವಿಗೆ ಓಡಬೇಕಾಗಿಲ್ಲ. ವರದಿಯನ್ನೂ ಭಾವಚಿತ್ರವನ್ನೂ ಸಮಿತಿಗೆ ಕಳಿಸಿ, ಗುಣವಾದ ಮೇಲೆ ಹಾಜರುಪಡಿಸಿದರಾಯಿತು. ನಿಪ್ಪಾಣಿಯಿಂದ ಬೆಳಗಾವಿಗೆ 70 ಕಿಲೋಮೀಟರಿಗೂ ಮಿಕ್ಕಿದ ದಾರಿ. ಈ ಸವಲತ್ತು ತಿಳಿಯದೆ, ಸಾಹೇಬರು ಬೈದಾರೆಂದು ಅಂಜಿ, ಹಸಿಗೂಸನ್ನು ಜೀಪಿನಲ್ಲಿ ಹಾಕಿಕೊಂಡು ಹೆದ್ದಾರಿಯಲ್ಲಿ ಓಡಿದರೆ ಅದು ಕರ್ತವ್ಯನಿಷ್ಠೆಯಲ್ಲ, ಅಜ್ಞಾನ.

ಪೋಲೀಸರೆಲ್ಲ ಕಲ್ಲುಹೃದಯದವರೆಂದು ನಾವು ಹೇಳುತ್ತಿಲ್ಲ. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಠಾಣೆಯವರಿಗೆ, ಕಟ್ಟಡ ಕಟ್ಟುವ ಜಾಗದ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಗಂಡುಕೂಸು ಸಿಕ್ಕಿತು. ಆ ಠಾಣೆಯ ಮಹಿಳಾ ಪೇದೆಯೊಬ್ಬಳು ಆಗತಾನೆ ಬಾಣಂತನದ ರಜೆ ಮುಗಿಸಿ ಬಂದವಳು. ಮನೆಯಲ್ಲಿ ತನ್ನದೇ ಎಳೆಗೂಸಿದ್ದವಳು. ಠಾಣೆಯಲ್ಲಿಯೇ ಆ ಕೂಸಿಗೆ ಮೊಲೆಯೂಡಿದಳು. ರೋಗದ ತಪಾಸಣೆಯಾದ ಹಾಲನ್ನೇ ಕೊಡಬೇಕೆಂದು ವೈದ್ಯರು ಹೇಳಿಯಾರು, ಅದು ಸರಿಯೇ. ಆದರೂ ಆ ಹೆಣ್ಣುಮಗಳ ಮುಂದೆ ನಾವು ತಲೆಬಾಗುತ್ತೇವೆ. ಅದರ ಮುಂದಿನ ಕಥೆ ಮಾತ್ರ ನಮಗೆ ಸೇರಲಿಲ್ಲ. ಕೂಸಿಗೆ ಆಗಿನ ಮುಖ್ಯಮಂತ್ರಿಗಳ ಹೆಸರಿಟ್ಟರು. ಭಾವಚಿತ್ರಗಳು ದೇಶವೆಲ್ಲ ತಿರುಗಿದವು. ಮಗುವಿನ ಗುರುತು ಹೊರಗೆಡಹಕೂಡದೆಂದು ಅದೇ ಕಾಯಿದೆಯ 74ನೆಯ ಕಲಮು ಹೇಳುತ್ತದೆ. ನಾಳೆ ಆ ಹುಡುಗ ದೊಡ್ಡವನಾದಾಗ ತಾನು ಚೀಲದಲ್ಲಿ ಸಿಕ್ಕವನೆಂಬುದನ್ನು ಯಾರಿಂದ, ಯಾವಾಗ ತಿಳಿಯಬೇಕೆಂಬುದು ಅವನ ಹಕ್ಕು. ನಮ್ಮ ಮೊಬೈಲಿನ ಹಕ್ಕಲ್ಲ.

ತೊಟ್ಟಿಲಿನ ಮಾತೂ ಬರಬೇಕು. 1992ರಲ್ಲಿ ತಮಿಳುನಾಡು ಸರಕಾರ ಸೇಲಂ ಜಿಲ್ಲೆಯಲ್ಲಿ ತೊಟ್ಟಿಲು ಯೋಜನೆ ತೆಗೆದಿತು. ಹೆಣ್ಣುಕೂಸುಗಳನ್ನು ಕೊಲ್ಲುವುದಕ್ಕಿಂತ ನಮ್ಮ ತೊಟ್ಟಿಲಲ್ಲಿ ಹಾಕಿರೆಂದು ಹೇಳಿತು. 2002ರಲ್ಲಿ ಕೇರಳದವರು ತಿರುವನಂತಪುರದಲ್ಲಿ ಅಮ್ಮತೊಟ್ಟಿಲು ಇಟ್ಟರು. ನಮ್ಮಲ್ಲಿಯೂ ಮಮತೆಯ ತೊಟ್ಟಿಲು ಎಂಬ ಹೆಸರಿನಲ್ಲಿ ದವಾಖಾನೆಗಳಲ್ಲಿ ಇಟ್ಟಿದ್ದಾರೆ. ಒಳ್ಳೆಯದು. ಆದರೆ ತೊಟ್ಟಿಲನ್ನು ಪಹರೆಯವನ ಕುರ್ಚಿಯ ಪಕ್ಕದಲ್ಲಿ, ಹೋಗಿಬರುವವರ ಕಣ್ಣೆದುರಿಗೆ, ಕ್ಯಾಮರಾದ ಕೆಳಗೆ ಇಟ್ಟರೆ ಯಾವ ತಾಯಿ ಹತ್ತಿರ ಬಂದಾಳು? ಗೋಡೆಯ ಹಿಂದೆ, ಒಂಟಿ ಬಾಗಿಲಿನಲ್ಲಿ, ಕೂಸು ಮಲಗಿಸಿದೊಡನೆ ಒಳಗೆ ಗಂಟೆ ಬಾರಿಸುವಂತೆ ಇಡಬೇಕು. ಉದ್ಘಾಟನೆಯ ಹಾರ ಒಣಗಿದ ಮೇಲೆ ಒಳಗೆ ಹಳೇ ಫೈಲು ತುಂಬಿಡುವುದಕ್ಕಲ್ಲ ತೊಟ್ಟಿಲು.

ಇದರಿಂದ ಅನೀತಿ ಹೆಚ್ಚೀತೆಂದು ಗೊಣಗುವ ಹಿರಿಯರಿದ್ದಾರೆ. ಅವರಿಗೆ ಪಂಢರಪುರವನ್ನು ನೆನಪುಮಾಡಿಕೊಡುತ್ತೇವೆ. ನಮ್ಮ ಭಾಗದಿಂದ ವರ್ಷವರ್ಷ ದಿಂಡಿ ಹೊರಡುವ ಅದೇ ವಿಠ್ಠಲನ ಊರಿನಲ್ಲಿ, 1875ರಲ್ಲಿ ಪ್ರಾರ್ಥನಾ ಸಮಾಜದವರು ಅನಾಥ ಶಿಶುಗಳ ಆಶ್ರಮ ತೆರೆದರು. ಯಾತ್ರೆಯ ನೆಪಮಾಡಿ ಕರೆತಂದ ಬಾಲವಿಧವೆಯರು ಅಲ್ಲಿ ಗುಟ್ಟಾಗಿ ಹಡೆದುಹೋಗುತ್ತಿದ್ದ ಕಾಲ ಅದು. ಅದಕ್ಕೂ ಮೊದಲು, 1863ರಲ್ಲಿ, ಪುಣೆಯಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ತಮ್ಮ ಮನೆಯಲ್ಲಿಯೇ ಬಾಲಹತ್ಯೆ ತಡೆಯುವ ಗೃಹ ತೆರೆದಿದ್ದರು. ಬಂದು ಗುಟ್ಟಾಗಿ ಹಡೆಯಿರಿ, ಕೂಸನ್ನು ಒಯ್ಯುವುದೋ ಬಿಡುವುದೋ ನಿಮ್ಮ ಇಚ್ಛೆ ಎಂದು ಬಹಿರಂಗವಾಗಿ ಸಾರಿದ್ದರು. ಅಲ್ಲಿ ಒಬ್ಬ ಬ್ರಾಹ್ಮಣ ವಿಧವೆ ಹಡೆದ ಯಶವಂತನನ್ನು ತಾವೇ ದತ್ತಕ ತೆಗೆದುಕೊಂಡರು. ಆತ ಡಾಕ್ಟರನಾದ, 1897ರ ಪ್ಲೇಗಿನಲ್ಲಿ ತಾಯಿಯೊಡನೆ ರೋಗಿಗಳ ಸೇವೆ ಮಾಡಿದ. ಪುಣೆ ಇದರಿಂದ ಕೆಟ್ಟುಹೋಯಿತೆಂದು ನಾವು ಎಲ್ಲಿಯೂ ಓದಿಲ್ಲ.

ಅಮೇರಿಕೆಯವರ ಪದ್ಧತಿಯನ್ನೂ ನೋಡತಕ್ಕದ್ದು. 1999ರಲ್ಲಿ ಟೆಕ್ಸಾಸ್ ಸಂಸ್ಥಾನದಿಂದ ಆರಂಭವಾಗಿ ಅಲ್ಲಿಯ ಎಲ್ಲ ಸಂಸ್ಥಾನಗಳಲ್ಲಿಯೂ ಈ ಕಾಯಿದೆ ಬಂದಿದೆ. ಕ್ಯಾಲಿಫೋರ್ನಿಯದಲ್ಲಿ 2001ರಿಂದ, ಹುಟ್ಟಿ 72 ತಾಸಿನೊಳಗಿನ ಕೂಸನ್ನು ದವಾಖಾನೆಯಲ್ಲೋ ಗೊತ್ತುಮಾಡಿದ ಅಗ್ನಿಶಾಮಕ ಠಾಣೆಯಲ್ಲೋ ಹೆಸರು ಹೇಳದೆ ಕೊಡಬಹುದು. ಕೂಸಿನ ಕಾಲಿಗೆ ಒಂದು ಸಂಖ್ಯೆಯ ಪಟ್ಟಿ, ಅದೇ ಸಂಖ್ಯೆಯ ಇನ್ನೊಂದು ಪಟ್ಟಿ ತಾಯಿಯ ಕೈಗೆ. 14 ದಿನದೊಳಗೆ ಮನಸ್ಸು ಬದಲಾದರೆ ಆ ಪಟ್ಟಿ ತೋರಿಸಿ ಕೇಳಬಹುದು. ಬೆಂಕಿ ಆರಿಸುವ ಜವಾನನಿಗೂ ಕೂಸನ್ನು ತೆಗೆದುಕೊಳ್ಳುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಆ ದೇಶದ ಎಲ್ಲವನ್ನೂ ನಾವು ಹೊಗಳುವವರಲ್ಲ. ಬಾಣಂತಿಗೆ ಪಗಾರ ಸಹಿತ ರಜೆಯ ರಾಷ್ಟ್ರೀಯ ಕಾಯಿದೆ ಇಂದಿಗೂ ಅಲ್ಲಿಲ್ಲ.

ಆ ಪಗಾರದ ಮಾತು ನಮ್ಮಲ್ಲಿಯೂ ಇದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂದು ರಜೆ 26 ವಾರಗಳಾಯಿತು. ಈಗ ಅದನ್ನು ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿಸಿದ್ದಾರೆ. ಆದರೆ ಅಂಗಡಿ, ಸಣ್ಣ ಉದ್ದಿಮೆಗಳಿಗೆ ಹತ್ತು ಮಂದಿಯ ಗೆರೆ ಅಂದೂ ಇತ್ತು, ಇಂದೂ ಇದೆ. ನಾಲ್ಕು ಮಗ್ಗದ ಶೆಡ್ಡಿನಲ್ಲಿ ದಾರ ಸುತ್ತುವವಳಿಗೆ, ಪರರ ಹೊಲದಲ್ಲಿ ಕಬ್ಬು ಕಡಿಯುವವಳಿಗೆ ಯಾವ 26 ವಾರ? ಹಡೆದ ಮೂರನೆಯ ವಾರಕ್ಕೆ ಕೆಲಸಕ್ಕೆ ನಿಲ್ಲದಿದ್ದರೆ ಒಲೆ ಹೊತ್ತುವುದಿಲ್ಲ. ಕೂಸನ್ನು ಬಿಟ್ಟವಳೆಲ್ಲ ಮಾನಕ್ಕೆ ಅಂಜಿದವಳಲ್ಲ. ಹಿಟ್ಟಿಗೆ ಅಂಜಿದವಳೂ ಇದ್ದಾಳೆ. ಅಂಥವಳಿಗೆ ಸಮಿತಿಯವರು ತಿಳಿಹೇಳುವಾಗ, ಕೂಸನ್ನು ಇಟ್ಟುಕೋ ಎಂದಷ್ಟೇ ಹೇಳಿದರೆ ಸಾಲದು. ಇಟ್ಟುಕೊಳ್ಳಲು ತಿಂಗಳಿಗೆ ಏನು ಕೊಡುತ್ತೀರಿ ಎಂಬುದನ್ನೂ ಹೇಳಬೇಕು.

ಬೇಡದ ಕೂಸನ್ನು ತೆಗೆದುಕೊಳ್ಳುವ ಕಳ್ಳದಾರಿ ನಮ್ಮ ಮಗ್ಗುಲಲ್ಲಿಯೇ ಇದೆ. ಕಾಗವಾಡದಾಚೆಯ ಮ್ಹೈಸಾಳದಲ್ಲಿ 2017ರ ಮಾರ್ಚಿನಲ್ಲಿ ಹಳ್ಳದ ಹತ್ತಿರ ಹೂತ 19 ಭ್ರೂಣಗಳು ಹೊರಬಿದ್ದವು. ಒಬ್ಬ ಹೆಣ್ಣುಮಗಳು ಗರ್ಭ ತೆಗೆಸುವಾಗ ಸತ್ತದ್ದರಿಂದ ಅದು ಬೆಳಕಿಗೆ ಬಂದಿತು. 2022ರ ಜೂನಿನಲ್ಲಿ ನಮ್ಮ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ 7 ಭ್ರೂಣಗಳು ಸಿಕ್ಕವು. 2024ರ ಜೂನಿನಲ್ಲಿ ಬೆಳಗಾವಿ ಪೋಲೀಸರು ಎಳೆಗೂಸು ಮಾರುವ ಜಾಲವೊಂದನ್ನು ಹಿಡಿದರು. ಮಾರುವವರಿಗೆ ಗಿರಾಕಿ ಎಲ್ಲಿಂದ ಬರುತ್ತಾರೆ? ದೇಶದಲ್ಲಿ ದತ್ತಕಕ್ಕಾಗಿ ಹೆಸರು ಹಚ್ಚಿ ಕಾಯುತ್ತಿರುವ ದಂಪತಿಗಳು 30,000ಕ್ಕೂ ಹೆಚ್ಚು; 2024-25ರಲ್ಲಿ ಕಾನೂನಿನ ಪ್ರಕಾರ ನಡೆದ ದತ್ತಕ 4,515. ಮಕ್ಕಳಿಲ್ಲದ ಒಳ್ಳೆಯ ಜನ, ಸಿಕ್ಕ ಕೂಸನ್ನು ನಾವೇ ಸಾಕಿಕೊಳ್ಳುತ್ತೇವೆ, ಸರಕಾರಕ್ಕೇಕೆ ಹೇಳಬೇಕು ಎನ್ನುತ್ತಾರೆ. ಅವರ ಕರುಳು ನಮಗೆ ಅರ್ಥವಾಗುತ್ತದೆ. ಆದರೆ ವಿಧಿ ಬಿಟ್ಟು ದತ್ತಕ ಮಾಡಿಕೊಂಡರೆ ಮೂರು ವರ್ಷದವರೆಗೆ ಸಜೆ. ಮಾರಾಟವಾದರೆ ಐದು, ಆಸ್ಪತ್ರೆಯವರೇ ಮಾರಿದರೆ ಏಳು. ಆ ಕೂಸಿಗೆ ಜನನದ ದಾಖಲೆಯಾಗಲಿ ಆಸ್ತಿಯ ಹಕ್ಕಾಗಲಿ ಸರಿಯಾಗಿ ಬಾರದು. ಮುಂದೆ ಹತ್ತು ವರ್ಷಕ್ಕೆ ಯಾರೋ ಬಂದು ಕೂಸು ನಮ್ಮದೆಂದರೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಗಡಿಯ ತೊಡಕು ಬೇರೆ. ಇಚಲಕರಂಜಿಯ ಗಿರಣಿಗೆ ನಮ್ಮ ಜನ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಬಸ್ಸಿನಲ್ಲಿ ಬಿಟ್ಟ ಕೂಸು ಬೋರಗಾಂವದಲ್ಲಿ ಸಿಕ್ಕರೆ ಅದು ಯಾವ ರಾಜ್ಯದ್ದೆಂದು ಎರಡು ಠಾಣೆಯವರು ವಾದಿಸುತ್ತ ನಿಲ್ಲಕೂಡದು. ಸಿಕ್ಕ ಊರಿನವರು ಎತ್ತಿಕೊಳ್ಳಬೇಕು, ಹತ್ತಿರದ ದವಾಖಾನೆಗೆ ಒಯ್ಯಬೇಕು. ಕಾಗದ ಆಮೇಲೆ ಓಡಾಡಲಿ. ನಿಪ್ಪಾಣಿಯ ಸರಕಾರಿ ದವಾಖಾನೆಯಲ್ಲಿ ಮರೆಯಾದ ಜಾಗದಲ್ಲಿ ಗಂಟೆಯುಳ್ಳ ತೊಟ್ಟಿಲು ಇರಬೇಕು. ಸಮಿತಿಯವರು ತಿಂಗಳಿಗೊಮ್ಮೆಯಾದರೂ ಚಿಕ್ಕೋಡಿಗೆ ಬಂದು ಕೂಡಬೇಕು. ಆಶಾ ಕಾರ್ಯಕರ್ತೆಯರಿಗೆ, ಪೌರಕಾರ್ಮಿಕರಿಗೆ, ಬಸ್ ಕಂಡಕ್ಟರರಿಗೆ, ಠಾಣೆಯ ಪೇದೆಗಳಿಗೆ ಅರ್ಧ ದಿನದ ತರಬೇತಿ ಸಾಕು.

ಬೋರಗಾಂವದ ಪಟ್ಟಣ ಪಂಚಾಯತಿಗೆ ನಮ್ಮದೊಂದು ಸಣ್ಣ ಅರ್ಜಿಯಿದೆ. ಬಸ್ ನಿಲ್ದಾಣದಲ್ಲಿ, ಹೆಂಗಸರ ಪಾಯಖಾನೆಯ ಗೋಡೆಯ ಮೇಲೆ, ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಫಲಕ ಬರೆಯಿಸಿರಿ. ಅದರಲ್ಲಿ 1098, 108, 112 ಈ ಮೂರು ಸಂಖ್ಯೆಗಳಿರಲಿ. ಕೆಳಗೆ ದಪ್ಪಕ್ಷರದಲ್ಲಿ, "ಕೂಸನ್ನು ಒಪ್ಪಿಸಿದರೆ ನಿಮ್ಮ ಮೇಲೆ ಫಿರ್ಯಾದಿ ಇಲ್ಲ, ಎರಡು ತಿಂಗಳೊಳಗೆ ಮರಳಿ ಕೇಳಬಹುದು" ಎಂದಿರಲಿ. ಮುಂದಿನ ಸಭೆಯಲ್ಲಿ ಠರಾವು ಬರಲಿ. ಬಣ್ಣಕ್ಕೆ ದುಡ್ಡಿಲ್ಲವೆಂದು ಅಧಿಕಾರಿಗಳು ಹೇಳಿದರೆ, ಬಜಾರದ ಅಂಗಡಿಕಾರರೂ ಮಗ್ಗದ ಕಾಮಗಾರರೂ ತಲಾ ಹತ್ತು ರೂಪಾಯಿ ಕೂಡಿಸಿ ಪೇಂಟರನನ್ನು ಕರೆಯಿಸಬೇಕು.